ವಿಯೆನ್ನಾದಲ್ಲಿ ಕಮಲಿಯ ಆಯ್ತವಾರ

ಹಳದೀಪುರದ ಕಮಲಕ್ಕ ವಿಯೆನ್ನಾ ಶಹರ ನೋಡಿ ಬಂದವಳು. ಆ ಕಾಲಕ್ಕೆ ನಮ್ಮೂರಲ್ಲಿ ಮುಂಬೈ ನೋಡಿದ ಹೆಂಗಸರೇ ನಾಲ್ಕೈದು. ಆದರೆ ಅಲ್ಲಿ ಎಂತ ಕಂಡೆ ಎಂದು ಯಾರಾದರೂ ಕೇಳಿದರೆ, "ಮಳೆ ಕಂಡೆ" ಎಂದಷ್ಟೇ ಹೇಳಿ ಎದ್ದುಹೋಗುತ್ತಿದ್ದಳು. ಪಕ್ಕದ ಮನೆಗೆ ಸೊಸೆಯಾಗಿ ಬಂದ ನನಗೂ ಉಳಿದದ್ದನ್ನು ಹೇಳಲು ಅವಳಿಗೆ ವರ್ಷಗಳೇ ಬೇಕಾದವು.

ಗಂಡ ಬೊಮ್ಮಯ್ಯ ಮುಂಬೈಯಲ್ಲಿ ಸರಕಾರಿ ಸಾಹೇಬರೊಬ್ಬರ ಮನೆಯ ಅಡುಗೆಯವ. ೧೯೬೧ರಲ್ಲಿ ಸಾಹೇಬರಿಗೆ ವಿಯೆನ್ನಾಕ್ಕೆ ವರ್ಗವಾದಾಗ ಅವನನ್ನೂ ಕರೆದೊಯ್ದರು. ಮರುವರ್ಷ ಮನೆಗೆಲಸಕ್ಕೆಂದು ಕಮಲಿಯನ್ನೂ ಕರೆಸಿಕೊಂಡರು. ಮಗುವನ್ನು ಮಾತ್ರ ತರುವ ಹಾಗಿಲ್ಲ. ಮೂರು ವರ್ಷದ ಬಂಗಾರಿಯನ್ನು ಅತ್ತೆ ನಾಗುವಿನ ಸೊಂಟಕ್ಕೆ ಕೊಟ್ಟು ಅವಳು ಬಸ್ಸು ಹತ್ತಿದಳು.

ಅತ್ತೆ ಹೇಳಿದ್ದನ್ನು ಶಾಲೆಯ ರಮಾನಂದ ಮಾಸ್ತರರು ತಿಂಗಳಿಗೊಂದು ಕಾಗದದಲ್ಲಿ ಬರೆದು ಹಾಕುತ್ತಿದ್ದರು. ಕಮಲಿಗೆ ಓದು ಬರದು. ಬೊಮ್ಮಯ್ಯ ಒಲೆಯ ಪಕ್ಕ ನಿಂತು ಓದಿ ಹೇಳುತ್ತಿದ್ದ. ೧೯೬೩ರ ವಸಂತದಲ್ಲಿ ಒಂದು ತಿಂಗಳು ಕಾಗದವೇ ಬರಲಿಲ್ಲ.

"ಟಪಾಲು ತಡ ಆಗಿರ್ಬೇಕು" ಎಂದ ಬೊಮ್ಮಯ್ಯ.

ಎರಡು ದಿನ ಬಿಟ್ಟು ಅವನ ಕೋಟಿನ ಧೂಳು ಕೊಡವುವಾಗ ಒಳಜೇಬಿನಲ್ಲಿ ನೀಲಿ ಕಾಗದ ಕೈಗೆ ತಾಗಿತು. ಓದಲು ಬಾರದಿದ್ದರೂ ಮಾಸ್ತರರ ದುಂಡಕ್ಷರ ಅವಳಿಗೆ ಗುರುತು. ಸುಮ್ಮನೆ ಅಲ್ಲೇ ಇಟ್ಟಳು. ತಾನಾಗಿ ಹೇಳಲಿ ಎಂದು ಕಾದಳು.

ಆ ಆಯ್ತವಾರ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. "ಬಾ, ನಿಂಗೆ ಊರು ತೋರಿಸ್ತೆ" ಎಂದು ಬೊಮ್ಮಯ್ಯ ಹೊರಡಿಸಿದ. ಇಬ್ಬರಿಗೆ ಒಂದೇ ಕೊಡೆ. ಹನಿ ಸಣ್ಣದು, ಆದರೆ ಮೂಳೆಗೆ ಇಳಿಯುವಂಥದ್ದು. ಯಾವತ್ತೂ ಎರಡು ಮಾತಿಗಿಂತ ಹೆಚ್ಚು ಆಡದವನು ಅಂದು ಬಾಯಿ ಮುಚ್ಚಲಿಲ್ಲ. ಬಣ್ಣದ ಹಂಚಿನ ಇಗರ್ಜಿ ತೋರಿಸಿದ. "ಆರ್ನೂರು ವರ್ಷದ್ದಂತೆ" ಎಂದ. ಅರಮನೆ ತೋರಿಸಿದ, ರಾಜ ಎಲ್ಲಿ ಮಲಗುತ್ತಿದ್ದ ಎಂದೂ ಹೇಳಿದ. ಒದ್ದೆ ಕುದುರೆಗಳ ಸಾರೋಟು ತೋರಿಸಿದ. ಒಂದು ಬೀದಿ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಎಳೆಯುತ್ತಿದ್ದ. ಕಮಲಿ "ಹೂಂ, ಹೂಂ" ಎನ್ನುತ್ತಾ ನಡೆದಳು. ಸೀರೆಯ ಅಂಚು ನೆನೆದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಪ್ರತಿ ತಿರುವಿನಲ್ಲೂ, ಈಗ ಹೇಳಿಯಾನು ಎಂದುಕೊಂಡಳು.

ಕಾಲುವೆಯ ಸೇತುವೆ ಮೇಲೆ ಅವಳೇ ನಿಂತಳು.

"ನಿಮ್ಮ ಕೋಟಿನೊಳಗೆ ಎಂತ ಅದೆ?"

ಅವನ ಕೈ ಕೋಟಿನ ಗುಂಡಿಗೆ ಹೋಯಿತು. "ಎಂತದೂ ಇಲ್ಲ."

"ಹಾಂಗಾದ್ರೆ ತೆಗೆದು ನೀರಿಗೆ ಹಾಕಿ."

ಬೊಮ್ಮಯ್ಯ ಸೇತುವೆಯ ಕಬ್ಬಿಣ ಹಿಡಿದುಕೊಂಡ. "ಬಂಗಾರಿಗೆ ಸಿಡುಬು ಎದ್ದದೆ. ಜ್ವರ ಇಳೀಲಿಲ್ಲ ಅಂತ ಬರೆದಾರೆ."

"ಯಾವಾಗ ಬರೆದದ್ದು?"

"ಹದಿನೆಂಟು ದಿನ ಆತು."

ಹದಿನೆಂಟು ದಿನ. ಆಗಬೇಕಾದ್ದು ಆಗಿಹೋಗಿರುತ್ತದೆ. ಅಷ್ಟು ದಿನ ತಾನು ಪರರ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ ಎಂಬುದೇ ಅವಳಿಗೆ ಮೊದಲು ಹೊಳೆದದ್ದು.

"ತಂತಿ ಕೊಟ್ರಾ?"

"ಕೊಡಲಿಲ್ಲ. ಉತ್ತರ ಎಂತ ಬರ್ತದೋ ಅಂತ..."

ಕಮಲಿ ಅಳಲಿಲ್ಲ. ಕೊಡೆಯಿಂದಾಚೆ ಬಂದು, "ತಂತಿ ಆಫೀಸು ಎಲ್ಲಿ?" ಎಂದಳು. ಅವನಿಗೂ ಸರಿಯಾಗಿ ತಿಳಿಯದು. ಒಬ್ಬ ಪೊಲೀಸನನ್ನು ಕೇಳಿ ಹೋದರೆ ದಾರಿ ಒಂದು ಚೌಕದಲ್ಲಿ ಕೊನೆಯಾಯಿತು. ಮುದುಕಿಯೊಬ್ಬಳು ಬಂದ ದಿಕ್ಕಿಗೇ ಕೈ ತೋರಿಸಿದಳು. ಈಗ ಕಮಲಿ ಮುಂದೆ, ಅವನು ಕೊಡೆ ಹಿಡಿದು ಹಿಂದೆ. ಎಲ್ಲ ಅಂಗಡಿಗಳೂ ಮುಚ್ಚಿದ್ದವು. ಇದೂ ಮುಚ್ಚಿದ್ದರೆ? ದೊಡ್ಡ ಬಾಗಿಲು ದೂಡಿದಾಗ ಒಳಗೆ ದೀಪ ಉರಿಯುತ್ತಿತ್ತು.

ಬೊಮ್ಮಯ್ಯ ಫಾರಮು ಹಿಡಿದು, "ಎಂತ ಬರೆಯಲಿ?" ಎಂದ.

"ಮಗು ಹ್ಯಾಂಗದೆ, ತಿಳಿಸಿ. ನಾ ಬರ್ತೆ."

ಪೆನ್ನು ನಿಂತಿತು. "ಬರ್ತೆ ಅಂತ ಹ್ಯಾಂಗೆ ಬರೆಯೂದು? ಸಾಹೇಬರನ್ನ, ಅಮ್ಮಾವ್ರನ್ನ ಕೇಳಲಿಲ್ಲ. ಪಾಸ್‌ಪೋರ್ಟು ಅವರ ಕಪಾಟಿನಲ್ಲಿ ಅದೆ."

"ನನ್ನ ಮಗು ಹತ್ರ ಹೋಗೂಕೆ ಅವರನ್ನ ಎಂತಕ್ಕೆ ಕೇಳೂದು? ಬರೀರಿ."

ಬರೆದ.

ಮನೆಗೆ ಬಂದವಳೇ, ನೀರು ಸುರಿಯುವ ಸೀರೆಯಲ್ಲೇ ನಡುಮನೆಗೆ ಹೋಗಿ ಪಾಸ್‌ಪೋರ್ಟು ಕೇಳಿದಳು. ಸಾಹೇಬರ ಹೆಂಡತಿ ಮೊದಲು ರೇಗಿದರು, ಕರಾರಿನ ಮಾತೆತ್ತಿದರು. ಕಮಲಿ ನಿಂತಲ್ಲಿಂದ ಕದಲಲಿಲ್ಲ. ಕಡೆಗೆ ಸಾಹೇಬರೇ ಎದ್ದು ಕಪಾಟು ತೆಗೆದರು.

ಮೂರನೇ ದಿನ ಉತ್ತರ ಬಂತು. ಬೊಮ್ಮಯ್ಯ ಅವಸರದಲ್ಲಿ ಬಿಡಿಸುವಾಗ ಕಾಗದ ಹರಿಯಿತು. ಎರಡು ತುಂಡು ಜೋಡಿಸಿ ಓದಿದ. ಮಗು ಉಳಿದಿದೆ. ಎಡಗಣ್ಣು ಹೋಗಿದೆ. ಆಗ ಅವನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತ. ಕಮಲಿ ಅವನ ಹತ್ತಿರ ಹೋಗಲಿಲ್ಲ; ತನ್ನ ಪೆಟ್ಟಿಗೆ ತೆಗೆದಳು.

ಹಡಗು, ರೈಲು, ಹುಬ್ಬಳ್ಳಿಯಿಂದ ಬಸ್ಸು. ಹಳದೀಪುರದಲ್ಲಿ ಇಳಿದಾಗ ಬಂಗಾರಿಗೆ ತಾಯಿಯ ಗುರುತೇ ಹತ್ತಲಿಲ್ಲ. ಅಜ್ಜಿಯ ಸೆರಗಿನ ಹಿಂದೆ ಅಡಗಿದಳು. ಮೂರು ವಾರ ಕಮಲಿ ಅವಳನ್ನು ಎತ್ತಿಕೊಳ್ಳಲು ಹೋಗದೆ ಹತ್ತಿರ ಹತ್ತಿರ ಕೂತಳು. ಆ ಮಳೆಗಾಲದಲ್ಲೇ ಸಂಜೆ ಹೊತ್ತು ರಮಾನಂದ ಮಾಸ್ತರರ ಜಗಲಿಗೆ ಹೋಗಿ ಅಕ್ಷರ ಕಲಿತಳು. ವಿಯೆನ್ನಾಕ್ಕೆ ಸೊಟ್ಟ ಅಕ್ಷರದ ಮೂರು ಸಾಲಿನ ಕಾಗದ ಹೋಯಿತು: ಇನ್ನು ನಾನೇ ಓದ್ತೆ, ಎಂತದೂ ಮುಚ್ಚಬೇಡಿ. ಆಮೇಲೆ ಬೊಮ್ಮಯ್ಯನ ಕಾಗದಗಳು ಬೇರೆಯಾದವು: ಕೈ ಸುಟ್ಟಿತು, ಬೈಸಿಕೊಂಡೆ, ಊರು ನೆನಪಾಯಿತು, ಹೀಗೆ ಇದ್ದದ್ದು ಇದ್ದ ಹಾಗೆ.

೧೯೬೫ರಲ್ಲಿ ಅವನೂ ಬಂದ. ದಿಲ್ಲಿಗೆ ವರ್ಗವಾದ ಸಾಹೇಬರು ಅವನನ್ನು ಅಲ್ಲಿಗೂ ಕರೆದರು. ಹೋಗಲೇ ಎಂದು ಅಳುಕುತ್ತಲೇ ಕೇಳಿದ.

"ಹೋಗೂದಾದ್ರೆ ಮೂವರೂ ಹೋಗೂದು" ಎಂದಳು ಕಮಲಿ.

ಅವನು ದಿಲ್ಲಿಗೆ ಹೋಗಲಿಲ್ಲ, ಹೊನ್ನಾವರದಲ್ಲಿ ಖಾನಾವಳಿ ಹಾಕಿದ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ, ಮಗಳಿಗೆ ಕಟ್ಟಿಕೊಂಡ ಬನ್ಸಿನ ಪೊಟ್ಟಣ ಹಿಡಿದು.