ಬಣ್ಣ ಹಿಡಿಯುವ ತನಕದ ಹಾಡುಗಳು

ಕೂದಲಿಗೆ ಬಣ್ಣ ಹಿಡಿಯಲು ಅರ್ಧ ಗಂಟೆ ಬೇಕು. ನಮ್ಮ ಬೀದಿಯ ಪಾರ್ಲರಿನಾಕೆ ಅದನ್ನು ಗಡಿಯಾರದಲ್ಲಿ ಅಳೆದವಳಲ್ಲ. ಅವಳ ಅಳತೆ ಹಳೆಯ ರಾಕ್ ತಂಡವೊಂದರ ಮೊದಲ ರೆಕಾರ್ಡು. ಈ ಮಗ್ಗುಲು ಕಾಲು ಗಂಟೆ, ಆ ಮಗ್ಗುಲು ಕಾಲು ಗಂಟೆ. ಮೂಲೆಯ ರೆಕಾರ್ಡ್ ಪೆಟ್ಟಿಗೆಯ ಮುಳ್ಳು ಎರಡನೆಯ ಸಲ ಮೇಲೆದ್ದರೆ ತಲೆ ತೊಳೆಯುವ ಹೊತ್ತು. ಮೂವತ್ತೆಂಟು ವರ್ಷ ಹೀಗೇ ನಡೆದಿತ್ತು. ಒಂದು ಕಾಲಕ್ಕೆ ಲೋಕವನ್ನೇ ಹುಚ್ಚೆಬ್ಬಿಸಿದ್ದ ಆ ನಾಲ್ವರನ್ನು ಆಕೆ 'ನನ್ನ ಹುಡುಗರು' ಎನ್ನುತ್ತಿದ್ದಳು, ಅವರೆಲ್ಲ ತನಗಿಂತ ಹಿರಿಯರಾಗಿದ್ದರೂ.

ಮಂಡಿ ಸೋತು ಅಂಗಡಿಯನ್ನು ಅಣ್ಣನ ಮಗಳಿಗೆ ಒಪ್ಪಿಸಿದ ವಾರವೇ ಹುಡುಗಿ ಗೋಡೆಗೆ ಸ್ಪೀಕರ್ ತೂಗುಹಾಕಿ, ಫೋನಿನಿಂದ ಹಾಡು ಹಚ್ಚಿದಳು. ಇನ್ನೂ ಅಂಗಡಿಗೆ ಬರುತ್ತಿದ್ದ ಅತ್ತೆ ನಿವೃತ್ತ ಗಣಿತದ ಟೀಚರೊಬ್ಬರ ತಲೆಗೆ ಬಣ್ಣ ಹಚ್ಚಿ, ಅಭ್ಯಾಸಬಲದಿಂದ ಹಾಡು ನಿಲ್ಲಲೆಂದು ಕಾದಳು. ಫೋನಿನ ಹಾಡಿಗೆ ಕೊನೆಯುಂಟೆ?

"ಕಂದು ಕೇಳಿದ್ದೆ ಕಣ್ರೀ," ಟೀಚರು ಕನ್ನಡಿಗೆ ಬಗ್ಗಿದರು. "ಡಾಂಬರು ಹಾಕಿಬಿಟ್ಟಿದ್ದೀರಲ್ಲ!"

ಅವರು ಹೋದ ಮೇಲೆ ಹುಡುಗಿ ಸಿಡಿದಳು. "ಗೋಡೇಲಿ ಗಡಿಯಾರ ಇಲ್ವಾ ಅತ್ತೆ? ಭಾನುವಾರ ಆ ಪೆಟ್ಟಿಗೇನ ಗುಜರಿಗೆ ಹಾಕ್ತೀನಿ. ಅಜ್ಜಂದಿರ ಕೂಗಾಟ ಇನ್ನೂ ಯಾರಿಗೆ ಬೇಕು?"

"ಅಜ್ಜಂದಿರಾಗಿದ್ದು ಆಮೇಲೆ ಕಣೇ. ಅದರೊಳಗೆ ಅವರಿಗೆ ಇನ್ನೂ ಇಪ್ಪತ್ತೇ ವರ್ಷ. ಕಿವಿಗೊಟ್ಟು ಕೇಳು, ಕೂಗೋಕೆ ಮುಂಚೆ ಒಬ್ಬ ಉಸಿರು ಎಳ್ಕೋತಾನೆ. ಗಂಟಲು ಕಟ್ಟಿದೆ, ಆದ್ರೂ ಬಿಡಲ್ಲ. ತಲೆಗೆ ಬಣ್ಣ ಮೆತ್ಕೊಂಡು ಕನ್ನಡಿ ಮುಂದೆ ಕೂತವರಿಗೆ ತಮ್ಮ ಮುಖ ತಮಗೇ ಬೇಡ ಅನ್ನಿಸುತ್ತೆ. ಇವರು ಶುರುಮಾಡಿದ್ರೆ ಮುಖ ಮರ್ತು ಕಾಲು ಕುಣಿಸ್ತಾರೆ."

"ನಿಮ್ಮ ವಯಸ್ಸಿನವರು ಕುಣಿಸ್ತಾರೆ."

ಅತ್ತೆ ಪೆಟ್ಟಿಗೆಯ ಮುಚ್ಚಳದ ಧೂಳು ಒರೆಸಿದಳು.

ಶನಿವಾರ ಒಬ್ಬ ತರುಣಿ ಬಂದಳು. ಇಪ್ಪತ್ತೆರಡಕ್ಕೇ ಬೈತಲೆಯ ಎರಡೂ ಕಡೆ ನರೆತಿತ್ತು. ಸೋಮವಾರ ಮೊದಲ ಕೆಲಸಕ್ಕೆ ಸೇರಬೇಕು. ಹುಡುಗಿ ಬಣ್ಣ ಹಚ್ಚಿ ಮುಗಿಸುವಷ್ಟರಲ್ಲಿ ಕನ್ನಡಿಯೊಳಗಿನ ಮುಖ ಅಳುತ್ತಿತ್ತು. ನೀರು ಕೊಟ್ಟಳು. "ಎಷ್ಟು ಚೆನ್ನಾಗಿ ಕಾಣ್ತೀರಿ ನೋಡಿ ಆಮೇಲೆ," ಎಂದಳು. ಗೋಡೆಯ ಸ್ಪೀಕರಿನಲ್ಲಿ ಯಾರೋ ಇನ್ನೂ ನಿಧಾನವಾಗಿ ಗೋಳಾಡಿದರು. ಹುಡುಗಿ ಅತ್ತೆಯ ಕಡೆ ನೋಡಿದಳು. ಅತ್ತೆ ತಲೆಯೆತ್ತದೆ ಟವೆಲ್ ಮಡಿಸುತ್ತಿದ್ದಳು. ಅಂಗಡಿ ಈಗ ತನ್ನದಲ್ಲವಲ್ಲ.

ಹುಡುಗಿಯೇ ಫೋನು ಆರಿಸಿ, ಪೆಟ್ಟಿಗೆಯ ಮುಚ್ಚಳ ತೆರೆದು ಮುಳ್ಳು ಇಳಿಸಿದಳು.

ಮೂರನೆಯ ಹಾಡಿನ ಹೊತ್ತಿಗೆ ತರುಣಿ ಹೊದ್ದಿದ್ದ ಬಟ್ಟೆಯ ಅಂಚು ಅಲುಗುತ್ತಿತ್ತು. ಅಳುವಿನಿಂದಲ್ಲ. ಕೆಳಗೆ ಚಪ್ಪಲಿಯ ತುದಿ ಕುರ್ಚಿಯ ಕಬ್ಬಿಣಕ್ಕೆ ತಾಳ ಹಾಕುತ್ತಿತ್ತು.

"ಯಾವ ಬ್ಯಾಂಡು ಅಕ್ಕಾ ಇದು? ಹೊಸದಾ?"

ಅತ್ತೆ ಟವೆಲಿನಲ್ಲಿ ಮುಖ ಹುದುಗಿಸಿಕೊಂಡಳು. ಭುಜಗಳು ಮಾತ್ರ ನಗುವಿಗೆ ಕುಲುಕುತ್ತಿದ್ದವು. ಅಷ್ಟರಲ್ಲಿ ಮಗ್ಗುಲು ಮುಗಿದು ಮುಳ್ಳು ಮೇಲೆದ್ದಿತು. ರೆಕಾರ್ಡನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಲು ಆಕೆ ಮಂಡಿ ಹಿಡಿದು ಏಳಹೊರಟಳು.

"ಕೂತ್ಕೊಳ್ಳಿ ಅತ್ತೆ," ಎಂದಳು ಹುಡುಗಿ. "ಇನ್ಮೇಲೆ ನಾನೇ ತಿರುಗಿಸ್ತೀನಿ."