ತಕರಾರಿಲ್ಲದ ಬಂದ್

ಆ ಸಂಸ್ಥೆಯ ಸರ್ವರ್ ಕೈಕೊಟ್ಟಿದೆ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಒಳ್ಳೆಯವರು ಹೀಗೆಲ್ಲ ಹೇಳಬಾರದಂತೆ. ನನ್ನ ಒಳ್ಳೆಯತನವನ್ನು ಅವರು ಪುಕ್ಕಟೆ ಬಳಸಿಕೊಂಡು ಮುಗಿಸಿದ್ದಾರೆ.

ಚಿಕ್ಕೋಡಿಯಲ್ಲಿ ಅದರ ಮುಖ್ಯ ಕಚೇರಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆ ಅದರ ಶಾಲೆ, ಕಾಲೇಜು, ವಸತಿನಿಲಯ; ಅಥಣಿಯಲ್ಲಿ ಒಂದು ಆಸ್ಪತ್ರೆಯೂ ಇತ್ತು. ಹಾಜರಿ, ಪಗಾರ, ಫೀ, ಅಂಕಪಟ್ಟಿ ಎಲ್ಲವೂ ಒಂದೇ ಸರ್ವರಿನ ಮೇಲೆ. ಅದನ್ನು ಆಗಾಗ ದುರಸ್ತಿಗೆಂದು ಬಂದ್ ಇಡಬೇಕಾಗುತ್ತಿತ್ತು. ಯಾವಾಗ ಬಂದ್, ಎಷ್ಟು ಹೊತ್ತು ಬಂದ್, ಅಷ್ಟರೊಳಗೆ ಏನೇನು ಮುಗಿಸಿಕೊಳ್ಳಬೇಕು ಎಂದು ಎಲ್ಲ ಶಾಖೆಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಅದೂ ಹಂಗಾಮಿ. ವರ್ಷಕ್ಕೊಮ್ಮೆ ಹೊಸ ಆದೇಶ ಕೈಗೆ ಬರುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕು.

ವಾಟ್ಸಾಪ್ ಗ್ರೂಪಿಗೆ ನೋಟಿಸ್ ಹಾಕಿದರೆ ಕೈಮುಗಿದ ಚಿತ್ರಗಳ ಸಾಲು ಬೀಳುತ್ತಿತ್ತು. ಓದಿದವರು ಒಬ್ಬರೂ ಇರುತ್ತಿರಲಿಲ್ಲ. ಮರುದಿನ ಸರ್ವರ್ ನಿಂತೊಡನೆ ಮುಗಿದ ಅವೇ ಕೈಗಳು ಸಂಸ್ಥೆಯ ಅಧ್ಯಕ್ಷರಿಗೆ ಫೋನ್ ಹಚ್ಚುತ್ತಿದ್ದವು. ಅದಕ್ಕೇ ನಾನು ಒಬ್ಬೊಬ್ಬರಿಗೂ ಫೋನ್ ಮಾಡತೊಡಗಿದೆ. ಮನೆಯ ಉರ್ದು, ನಿಪ್ಪಾಣಿ ಪೇಟೆಯ ಮರಾಠಿ, ಶಾಲೆಯ ಕನ್ನಡ, ಮೂರನ್ನೂ ದುಡಿಮೆಗೆ ಹಚ್ಚಿದೆ. ಮೊದಲು “ಊಟ ಆತೇನ್ರಿ” ಎನ್ನಬೇಕು. ಆಮೇಲೆ ಮೊಣಕಾಲು ನೋವು ಹೇಗಿದೆ ಎಂದು ಕೇಳಬೇಕು. ಸರ್ವರಿನ ಸುದ್ದಿ ಕೊನೆಗೆ. ನೇರ ವಿಷಯಕ್ಕೆ ಇಳಿದರೆ ಹುಡುಗಿಗೆ ಸೊಕ್ಕು ಎನ್ನುತ್ತಾರೆ, ಹೇಳಿದ್ದು ಯಾವುದೂ ಕಿವಿಗೆ ಹೋಗುವುದಿಲ್ಲ.

ದಿನ ಗೊತ್ತುಮಾಡುವುದಂತೂ ಮದುವೆಯ ಮುಹೂರ್ತಕ್ಕಿಂತ ಕಷ್ಟ. ಅಮಾವಾಸ್ಯೆ ಬೇಡ, ಸಂತೆಯ ದಿನ ಬೇಡ, ಪಗಾರದ ವಾರ ಬೇಡವೇ ಬೇಡ. ಒಮ್ಮೆ ಕಂಪ್ಯೂಟರ್ ವಿಭಾಗದ ಸಾಹೇಬರು ತುಂಬಿದ ಮೀಟಿಂಗಿನಲ್ಲಿ ನನ್ನ ಕಡೆ ತಿರುಗಿ, “ಶುಕ್ರವಾರ ಇಡೂಣಂದ್ರ ನಿಮ್ಮ ಮಂದಿಗೆ ನಡಿಯೂದಿಲ್ಲ” ಎಂದರು. ಎಲ್ಲರೂ ನಕ್ಕರು. ಕೆಲಸ ಬೇಕಿತ್ತು, ನಾನೂ ನಕ್ಕೆ.

ಹಳೆಯ ಸರ್ವರಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸುವ ದೊಡ್ಡ ಬಂದ್ ಬಂತು. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನ ತನಕ ಏನೂ ನಡೆಯುವಂತಿರಲಿಲ್ಲ. ಸಾಹೇಬರು ನನ್ನನ್ನು ಕರೆದರು.

“ಒಂದು ತಕರಾರೂ ಅಧ್ಯಕ್ಷರ ಕಿವಿಗೆ ಬೀಳಬಾರ್ದು ನೋಡು. ಹಂಗ ಮಾಡಿ ತೋರಿಸಿದಿ ಅಂದ್ರ ನಿನ್ನ ಫೈಲ್ ಕಮಿಟಿ ಮುಂದ ನಾನಽ ಇಡ್ತೀನಿ. ಕಾಯಂ ಆಗ್ತಿ.”

ಕಾಯಂ ಎಂದದ್ದೇ ತಡ, ನನಗೆ ಬೇರೇನೂ ಕಾಣದಾಯಿತು. ಅಮ್ಮಿ ಬೀಡಿ ಕಟ್ಟಿ ಕಟ್ಟಿ ಬೆರಳು ಸೆಟೆಸಿಕೊಂಡಿದ್ದಳು. ಇನ್ನು ಬೀಡಿ ಎಲೆ ಮನೆಗೆ ತರಬೇಡ ಎಂದು ಅವತ್ತೇ ಅವಳಿಗೆ ಹೇಳಿಬಿಟ್ಟೆ. ಅವಳು ಓಣಿಗೆಲ್ಲ ಸುದ್ದಿ ಹಂಚಿ ಬಂದಳು.

ರಾಯಬಾಗದ ಗುಮಾಸ್ತೆಯ ಫೀ ಲೆಕ್ಕವನ್ನು ನಾನೇ ಕೂತು ಶುಕ್ರವಾರ ಮುಗಿಸಿಕೊಟ್ಟೆ. ಅಥಣಿಯ ಆಸ್ಪತ್ರೆಗೆ ರೋಗಿಗಳಿಗೆ ಕೈಯಿಂದಲೇ ಬರೆದುಕೊಡಲು ಕಾಗದದ ಚೀಟಿ ಅಚ್ಚು ಹಾಕಿಸಿ ಕಳಿಸಿದೆ. ಶೇಡಬಾಳದ ಪ್ರಾಚಾರ್ಯರು ಹೊತ್ತು ಮುಳುಗುವ ಮೊದಲೇ ಊಟಕ್ಕೆ ಕೂಡುವವರು; ಆ ಹೊತ್ತು ತಪ್ಪಿಸಿ ಫೋನ್ ಮಾಡಿದೆ. ತೆಲಸಂಗದ ಹೆಡ್‌ಮಾಸ್ತರರು ಫೋನ್ ಎತ್ತುವವರೇ ಅಲ್ಲ. ಅವರಿಗಾಗಿ ಬಸ್ ಹತ್ತಿ ಹೋದೆ.

“ನಮ್ಮಲ್ಲಿ ನೆಟ್ ಇದ್ದಾಗ ಕರೆಂಟ್ ಇರೂದಿಲ್ಲ, ಕರೆಂಟ್ ಇದ್ದಾಗ ನೆಟ್ ಇರೂದಿಲ್ಲ. ಇದನ್ನ ಹೇಳಾಕ ಇಲ್ಲಿತನಾ ಬಂದ್ರ್ಯಾ?” ಎಂದು ಅವರು ಚಹಾ ಕುಡಿಸಿದರು. ಅಂದಿನಿಂದ ನನ್ನ ಫೋನ್ ಮಾತ್ರ ಎತ್ತತೊಡಗಿದರು.

ಬಂದ್ ಮುಗಿಯಿತು. ಒಂದು ತಕರಾರೂ ಬರಲಿಲ್ಲ. ಮುಂದಿನ ವಾರ ಕಮಿಟಿ ಕೂತಿತು. ಸಾಹೇಬರು ಬಾಯಿ ತುಂಬ ನಗುತ್ತ ನನ್ನನ್ನು ಒಳಗೆ ಕರೆದರು.

“ಭೇಷ್! ಬಂದ್ ಯಾವಾಗಿತ್ತೋ ಅಂತ ಅಧ್ಯಕ್ಷರಽ ಕೇಳಿದ್ರು. ಅವರಿಗೆ ಗೊತ್ತಽ ಆಗಿಲ್ಲ.”

ನಾನೂ ಹಿಗ್ಗಿದೆ. ಅವರು ಚಹಾ ಒಂದು ಗುಟುಕು ಕುಡಿದು ಮುಂದುವರಿಸಿದರು: “ಒಂದೂ ತಕರಾರಿಲ್ಲ ಅಂದ್ರ ಕೆಲಸ ಭಾಳ ಸರಳ ಐತಿ ಅಂತಾತಲ್ಲ? ಇಂಥಾ ಸರಳ ಕೆಲಸಕ್ಕ ಕಾಯಂ ಮನಶ್ಯಾರು ಯಾಕ ಅಂದ್ರು ಕಮಿಟಿಯವ್ರು. ನನಗೂ ಖರೆ ಅನಿಸ್ತು. ಹೊಸಾ ಸರ್ವರ್ ತಾನಽ ಮೆಸೇಜ್ ಕಳಸತೈತಿ. ಈ ತಿಂಗಳ ಕೊನಿತನಾ ಬಾ, ಸಾಕು.”

“ಮತ್ತ ತಕರಾರು ಬಂದಿದ್ರರಿ?” ಎಂದೆ.

“ಬಂದಿದ್ರ ನಿನ್ನ ಹ್ಯಾಂಗ ಇಟಗೊಳ್ಳೂದು?” ಎಂದರು. ತಮಾಷೆಗಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರು.

ಮೇಜಿನ ಮೇಲಿದ್ದ ಬಿಸಿ ಚಹಾ ಎತ್ತಿ ಅವರ ಮುಖಕ್ಕೆ ಎರಚಬೇಕು ಅನಿಸಿತು. ಎರಚಲಿಲ್ಲ, ಅನುಭವ ಪತ್ರಕ್ಕೆ ಅವರ ಸಹಿ ಬೇಕಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವರನ್ನು ಕಂಡಿದ್ದೆ. ಇವರು ಅಂಬಿಗನ ಕೈಯಿಂದಲೇ ದೋಣಿಗೆ ತೂತು ಹಾಕಿಸುವವರು. ನಾನು ಬಾಗಿಲು ದಾಟುವುದರೊಳಗೆ ಮತ್ತೆ ಕರೆದರು.

“ಹೋಗೂ ಮುಂದ ಎಲ್ಲಾ ಶಾಖೆಗೂ ತಿಳಿಸು, ಒಂದನೇ ತಾರೀಖಿನಿಂದ ನಿನ್ನ ನಂಬರಿಗೆ ಯಾರೂ ಫೋನ್ ಮಾಡಬಾರ್ದು ಅಂತ. ಮೆಸೇಜ್ ಹಾಕಬ್ಯಾಡ, ಯಾರೂ ಓದಂಗಿಲ್ಲ. ನೀನಽ ಫೋನ್ ಮಾಡಿ ಹೇಳು.”

ಕೂತು ಒಂದೊಂದೇ ಶಾಖೆಗೆ ಫೋನ್ ಹಚ್ಚಿದೆ. ಊಟ ಕೇಳಿದೆ, ಮೊಣಕಾಲು ಕೇಳಿದೆ, ನಾನು ಇರುವುದಿಲ್ಲ ಎಂದು ಹೇಳಿದೆ. ನಿಪ್ಪಾಣಿಯವರು “ಠೀಕ್ ಆಹೆ, ಠೀಕ್ ಆಹೆ” ಎಂದರು. “ಅಯ್ಯ, ಹಂಗಾರ ನನ್ನ ಪಾಸ್‌ವರ್ಡ್ ಮರತ್ರ ಯಾರನ್ನ ಕೇಳ್ಲಿ?” ಎಂದಳು ರಾಯಬಾಗದವಳು. ಶೇಡಬಾಳದವರು ಇನ್ನು ಮೇಲೆ ಯಾರಿಗೆ ಫೋನ್ ಮಾಡಬೇಕೋ ಅವರ ನಂಬರ್ ಕಳಿಸು ಎಂದರು. ನೀನೆಲ್ಲಿ ಹೋಗುತ್ತಿ, ಏನು ಮಾಡುತ್ತಿ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಇಷ್ಟು ವರ್ಷ ಇವರ ಮೊಣಕಾಲು ವಿಚಾರಿಸಿದ ನನ್ನ ನಾಲಿಗೆಯ ಮೇಲೇ ನನಗೆ ಸಿಟ್ಟು ಬಂತು.

ತೆಲಸಂಗ ಕೊನೆಗೆ. ಹೆಡ್‌ಮಾಸ್ತರರು ಮೊದಲ ರಿಂಗಿಗೇ ಎತ್ತಿದರು. ನಾನು ಹೇಳಿದ್ದನ್ನೆಲ್ಲ ಹೂಂಗುಟ್ಟುತ್ತ ಕೇಳಿದರು. ಆಮೇಲೆ, “ಎಷ್ಟ ದಿನಾ ಬಂದ್ ಇರತೈತ್ರಿ ಇದು?” ಎಂದರು.

“ಇನ್ನ ಚಾಲೂ ಆಗಂಗಿಲ್ಲರಿ ಸರ್.”

“ಹೌದಾ? ಆಗ್ಲಿ ಬಿಡ್ರಿ. ನಮ್ಮ ಸಾಲಿಗೇನೂ ತ್ರಾಸ ಇಲ್ಲ.”

ಫೋನ್ ಇಟ್ಟು ಸಾಹೇಬರ ಕೋಣೆಗೆ ಹೋದೆ. ಎಲ್ಲ ಶಾಖೆಗೂ ಮುಟ್ಟಿಸಿದ್ದೇನೆ, ಯಾರದೂ ತಕರಾರಿಲ್ಲ ಎಂದು ತಿಳಿಸಿದೆ.