ಯಾರೂ ಉಣ್ಣದ ಸೊಪ್ಪು

ವರ್ಷಗಟ್ಟಲೆ ಅಡುಗೆ ಮಾಡಿದರೂ ಒಬ್ಬರ ಬಾಯಿಗೂ ಒಂದು ತುತ್ತು ಬಿದ್ದಿಲ್ಲವೆಂದರೆ ಅಂಥವಳನ್ನು ಅಡುಗೆಯವಳು ಎನ್ನುವುದಾದರೂ ಹೇಗೆ, ಹೇಳಿ! ಇವಳ ಪಾಡು ಅದೇ. ಬೆಳೆಗೆ ಹೊಡೆದ ಔಷಧಿ ತಿನ್ನುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ ಎಂದು ಪರೀಕ್ಷಿಸುವ ಲ್ಯಾಬಿನಲ್ಲಿ ಇವಳಿಗೆ ಕೆಲಸ. ಹೊಲದಿಂದ ಬಂದ ಸೊಪ್ಪನ್ನು ಮನೆಯಲ್ಲಿ ಮಾಡುವಂತೆಯೇ ತೊಳೆದು, ಹೆಚ್ಚಿ, ಬೇಯಿಸಿ ಕೊಡಬೇಕು. ಉಣ್ಣುವುದು ಪಕ್ಕದ ಕೋಣೆಯ ಯಂತ್ರ. ಅದು ಉಪ್ಪು ಕಡಿಮೆ ಎನ್ನುವುದಿಲ್ಲ, ಇನ್ನೊಂದಿಷ್ಟು ಬಡಿಸು ಎನ್ನುವುದೂ ಇಲ್ಲ. ಉಳಿದದ್ದನ್ನು ಇವಳೇ ಕೈಯಾರೆ ಡ್ರಮ್ಮಿಗೆ ಸುರಿದು ಮುಚ್ಚಳ ಹಾಕಬೇಕು. ಮೊದಮೊದಲು ಸಂಕಟವಾಗುತ್ತಿತ್ತು, ಈಗ ಅದೂ ಇಲ್ಲ.

ಅಷ್ಟಾಗಿಯೂ ಅವಳಿಗೊಂದು ಹೆಮ್ಮೆ ಉಳಿದಿತ್ತು, ತೊಳೆಯುವುದರದ್ದು. ಅತ್ತೆಯ ಕೈಕೆಳಗೆ ಬೈಸಿಕೊಂಡು ಕಲಿತ ವಿದ್ಯೆ. ಎಲೆ ಎಲೆ ಬಿಡಿಸಿ, ನೆನೆಹಾಕಿ, ಮೂರು ನೀರು ಬದಲಿಸುತ್ತಿದ್ದಳು. ಪರೀಕ್ಷೆ ಮಾಡುವ ಮೇಡಂ, ಅಕ್ಕನ ಕೈಗೆ ಸಿಕ್ಕರೆ ಔಷಧಿ ಕಾಲಿಗೆ ಬುದ್ಧಿ ಹೇಳುತ್ತದೆ ಎಂದು ನಗುತ್ತಿದ್ದರು. ಆ ಒಂದು ಮಾತಿಗೆ ಇವಳು ಇಡೀ ವಾರ ಸೊಂಟನೋವು ಮರೆಯುತ್ತಿದ್ದಳು.

ಈ ಸಲದ್ದು ಹೊಸ ಔಷಧಿ, ಇನ್ನೂ ಪೇಟೆಗೆ ಬಂದಿರಲಿಲ್ಲ. ತೊಳೆದು ಬೇಯಿಸಿದ ಮೇಲೆ ತಟ್ಟೆಗೆ ಎಷ್ಟು ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದೇ, ಮಾರುವ ಸೊಪ್ಪಿನಲ್ಲಿ ಅದು ಎಷ್ಟರವರೆಗೆ ಇರಬಹುದೆಂದು ಸರ್ಕಾರದ ಸಮಿತಿ ಮಿತಿ ಹಾಕುವುದು. ಇವಳು ತೊಳೆದ ಸೊಪ್ಪಿನಲ್ಲಿ ಔಷಧಿ ಹೆಸರಿಗೆ ಮಾತ್ರ ಉಳಿದಿತ್ತು. ಹಾಗಾದರೆ ಮಿತಿಯನ್ನು ಧಾರಾಳವಾಗಿಯೇ ಇಡಬಹುದೆಂದು ಮೇಡಂ ಬರೆದಿದ್ದರು. ಮರುದಿನ ಆ ವರದಿ ಸಮಿತಿಗೆ ಹೋಗಬೇಕಿತ್ತು.

ಆ ಸಂಜೆ ಇವಳು ಬಸ್ಸಿನಲ್ಲಿ ನಿಂತೇ ಮನೆಗೆ ಬಂದಳು. ಮಗಳಿಗೆ ಎರಡನೇ ಪಾಳಿ; ಮೊಮ್ಮಗಳು ಹಸಿವೆಂದು ಕಾಲಿಗೆ ಸುತ್ತಿಕೊಂಡಿದ್ದಳು. ಜೀವ ಹಣ್ಣಾಗಿ ಹೋಗಿತ್ತು. ಸೊಪ್ಪಿನ ಕಟ್ಟನ್ನು ಬಿಚ್ಚದೆಯೇ ನಲ್ಲಿಯ ಕೆಳಗೆ ಹಿಡಿದು, ಒಮ್ಮೆ ಕೊಡವಿ, ಹೆಚ್ಚಿ ಒಲೆಗಿಟ್ಟಳು. ಮಗು ತಟ್ಟೆ ಬಳಿದು ತಿಂದು ಇನ್ನೊಂಚೂರು ಕೇಳಿತು. ಬಡಿಸಲು ಹೋದ ಕೈ ಅಲ್ಲೇ ನಿಂತಿತು. ಮನೆಯಲ್ಲಿ ಮಾಡುವಂತೆ ಎಂದಲ್ಲವೇ ಅವರು ಹೇಳಿದ್ದು? ಮನೆಯಲ್ಲಿ ಮೂರು ನೀರಿನಲ್ಲಿ ತೊಳೆದು ಯಾವ ಕಾಲವಾಯಿತು! ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಹೇಳಿದರೆ ತಿಂಗಳುಗಟ್ಟಲೆ ಮಾಡಿದ್ದೆಲ್ಲ ನೀರುಪಾಲು. ಇದ್ದೊಂದು ಹೊಗಳಿಕೆ ಹೋಗುತ್ತದೆ, ಕೆಲಸವೂ ಹೋಗಬಹುದು. ಆದರೆ ನಾಳೆ ಆ ಔಷಧಿ ಪೇಟೆಯ ಸೊಪ್ಪಿಗೆ ಬಂದರೆ ಉಣ್ಣುವುದು ಯಂತ್ರವಲ್ಲ, ತಟ್ಟೆ ಹಿಡಿದು ನಿಂತಿರುವ ಈ ಮಗು.

ಬೆಳಗ್ಗೆ ಮೇಡಂ ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಇವಳು ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು.

"ಮೇಡಂ, ಮನೇಲಿ ನಾನು ಹೀಗೆ ತೊಳೆಯಲ್ಲ. ಇಲ್ಲಿ ತೊಳೆದಿದ್ದು ಅತ್ತೆ ಎದುರಿಗೆ ತೊಳೆಯೋ ಥರ."

ಇಷ್ಟು ದಿನ ಬಾಯಿಗೆ ಏನಾಗಿತ್ತು ಎಂದು ಮೇಡಂ ಸಿಡುಕಿದರು. ಆಮೇಲೆ ಕುರ್ಚಿಗೆ ಕುಸಿದು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ತಮ್ಮ ಮನೆಯಲ್ಲಿ ಅಷ್ಟೂ ಇಲ್ಲ, ತಂದದ್ದು ತಂದ ಹಾಗೇ ಪಾತ್ರೆಗೆ ಹೋಗುತ್ತದೆ ಎಂದರು. ಸಮಿತಿಗೆ ಫೋನ್ ಮಾಡಿ ಇನ್ನಷ್ಟು ಸಮಯ ಕೇಳಿದರು. ಅತ್ತ ಕಡೆಯವರು ಬೈದದ್ದು ಇವಳಿಗೂ ಕೇಳಿಸಿತು.

"ಮತ್ತೆ ಮಾಡೋಣ," ಎಂದರು ಮೇಡಂ. "ಬೆಳಗ್ಗೆ ಬೇಡ ಅಕ್ಕ. ದಿನದ ಕೆಲಸ ಎಲ್ಲಾ ಮುಗೀಲಿ. ಸುಸ್ತಾದ ಮೇಲೆ ತೊಳೀರಿ."

ಹೊಲದಿಂದ ಮತ್ತೆ ಸೊಪ್ಪು ಬಂತು. ಸಂಜೆ ನಲ್ಲಿಯ ಮುಂದೆ ನಿಂತಾಗ ಸುಸ್ತನ್ನು ನಟಿಸುವ ಅಗತ್ಯವೇನೂ ಇರಲಿಲ್ಲ. ಕೈ ಮಾತ್ರ ಎರಡನೇ ನೀರಿಗೆ ತಾನಾಗಿಯೇ ಹೋಗುತ್ತಿತ್ತು, ತಡೆದು ನಿಲ್ಲಿಸಿದಳು. ಬೇಕೆಂದೇ ಕೆಲಸ ಕೆಡಿಸಿದ್ದು ಇದೇ ಮೊದಲು. ನಾಚಿಕೆಯಿಂದ ಅಳುವೇ ಬಂತು.

ಈ ಸಲ ಹಿಂದಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಉಳಿದಿತ್ತು. ಮಿತಿ ಕೆಳಗಿಳಿಯಿತು. ಮೇಡಂ ಅಡುಗೆಕೋಣೆಗೆ ಬಂದು ಅದನ್ನು ಹೇಳಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು.

"ಈಗ ಇದು ಮನೆ ಅಡುಗೆ, ಅಕ್ಕ."

ಇಷ್ಟು ವರ್ಷಗಳಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅವಳು ತಲೆಯಾಡಿಸಿ, ಅಂದಿನ ಪಾತ್ರೆ ಎತ್ತಿಕೊಂಡು ಹೋಗಿ ಡ್ರಮ್ಮಿಗೆ ಸುರಿದಳು.